ಕೊಳವೆಯೊಳಗೆ ಮೊದಲು ಯಾವುದು: ಸಮೀಕರಣವೋ, ಅಳತೆಯೋ?

ಕೆಮಿಕಲ್ ಎಂಜಿನಿಯರಿಂಗ್ ಓದುವವರಿಗೆ ಎರಡನೇ ವರ್ಷದ ಹೊತ್ತಿಗೆ ಫ್ಲೂಯಿಡ್ ಮೆಕ್ಯಾನಿಕ್ಸ್ ಎದುರಾಗುತ್ತದೆ. ಮುಂದೆ ಬರುವ ಶಾಖ ವರ್ಗಾವಣೆ, ಬಟ್ಟಿ ಇಳಿಸುವಿಕೆ, ರಿಯಾಕ್ಟರ್ ವಿನ್ಯಾಸ ಇವೆಲ್ಲ ಅದರ ಮೇಲೆಯೇ ನಿಂತಿವೆ. ಆದರೆ ಅದನ್ನು ಎಲ್ಲಿಂದ ಶುರು ಮಾಡಬೇಕು ಎಂಬುದರಲ್ಲಿ ಈ ವೃತ್ತಿಯವರು ಒಂದು ಮಾತಿಗೆ ಬಂದದ್ದೇ ಇಲ್ಲ. 1923ರಲ್ಲಿ ವಾಕರ್, ಲೂಯಿಸ್ ಮತ್ತು ಮೆಕ್‌ಆಡಮ್ಸ್ ಬರೆದ ಪಠ್ಯಪುಸ್ತಕ ಕಾರ್ಖಾನೆಯ ಕ್ರಿಯೆಗಳನ್ನು ಒಂದೊಂದಾಗಿ ಎತ್ತಿಕೊಂಡು ಕಲಿಸುವ ದಾರಿ ಹಾಕಿತು. 1960ರಲ್ಲಿ ಬರ್ಡ್, ಸ್ಟೀವರ್ಟ್ ಮತ್ತು ಲೈಟ್‌ಫೂಟ್ ಅವರ ಪುಸ್ತಕ ಸಂವೇಗ, ಶಾಖ, ದ್ರವ್ಯರಾಶಿ ಮೂರರ ವರ್ಗಾವಣೆಯನ್ನೂ ಒಂದೇ ಗಣಿತದ ಚೌಕಟ್ಟಿಗೆ ತಂದಿತು. ಇಂದಿನ ಪಾಠಪಟ್ಟಿಗಳಲ್ಲಿ ಈ ಎರಡೂ ಅರ್ಧರ್ಧ ಉಳಿದುಕೊಂಡಿವೆ. ಕೆಳಗೆ ಮಾತಾಡುವ ಇಬ್ಬರು ಆ ಎರಡು ಕಡೆಯವರು. ಒಬ್ಬರು ಕಾರ್ಖಾನೆಯಲ್ಲಿ ಪಳಗಿದ ಎಂಜಿನಿಯರ್, ಇನ್ನೊಬ್ಬರು ಈ ವಿಷಯವನ್ನು ಕಲಿಸುವ ಅಧ್ಯಾಪಕಿ.

ಎಂಜಿನಿಯರ್: ಕೆಲಸಕ್ಕೆ ಸೇರಿದ ಹುಡುಗಿಯನ್ನೋ ಹುಡುಗನನ್ನೋ ಮೊದಲು ಕೇಳುವ ಪ್ರಶ್ನೆ ಬಹಳ ಸರಳವಾದದ್ದು. ಈ ಟ್ಯಾಂಕಿನಿಂದ ಆ ಕಾಲಮ್ಮಿಗೆ ಗಂಟೆಗೆ ಇಷ್ಟು ದ್ರವ ಹೋಗಬೇಕು. ಕೊಳವೆಯ ವ್ಯಾಸ ಎಷ್ಟಿರಲಿ, ಪಂಪಿನ ಶಕ್ತಿ ಎಷ್ಟಿರಲಿ? ಇದಕ್ಕೆ ಬೇಕಾದದ್ದು ಮೂರೇ ಸಂಗತಿ: ಒಳಬಂದ ದ್ರವ್ಯರಾಶಿ ಹೊರಹೋಗಲೇಬೇಕೆಂಬ ಲೆಕ್ಕ, ಘರ್ಷಣೆಯ ನಷ್ಟವನ್ನು ಸೇರಿಸಿದ ಬರ್ನೌಲಿ ಸಮೀಕರಣ, ಆ ನಷ್ಟವನ್ನು ಹೇಳುವ ಒಂದು ನಕ್ಷೆ. ನೀವು ಇದನ್ನು ಬಿಟ್ಟು ಮೊದಲ ವಾರವೇ ನೇವಿಯರ್–ಸ್ಟೋಕ್ಸ್ ಸಮೀಕರಣವನ್ನು ಬೋರ್ಡಿನ ಮೇಲೆ ಬರೆಯುತ್ತೀರಿ. ನೇವಿಯರ್ 1822ರಲ್ಲಿ, ಸ್ಟೋಕ್ಸ್ 1845ರಲ್ಲಿ ಕಟ್ಟಿದ ಸಮೀಕರಣ ಅದು. ಮೂರು ಆಯಾಮಗಳಲ್ಲಿ ಅದಕ್ಕೆ ಯಾವಾಗಲೂ ನಯವಾದ ಪರಿಹಾರ ಇದ್ದೇ ಇರುತ್ತದೆಯೇ ಎಂಬುದು ಇನ್ನೂ ಸಾಬೀತಾಗಿಲ್ಲ. 2000ದಲ್ಲಿ ಕ್ಲೇ ಗಣಿತ ಸಂಸ್ಥೆ ಅದಕ್ಕೆ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟಿದೆ. ಗಣಿತಜ್ಞರೇ ಬಗೆಹರಿಸಲಾಗದ್ದನ್ನು ಹತ್ತೊಂಬತ್ತರ ವಯಸ್ಸಿನವರ ಮುಂದೆ ಇಟ್ಟರೆ ಅವರು ಕಲಿಯುವುದು ಪದಗಳನ್ನು ಹೊಡೆದು ಹಾಕುವುದನ್ನು ಮಾತ್ರ. ಈ ಪದ ಸೊನ್ನೆ, ಆ ಪದ ಸೊನ್ನೆ, ಉಳಿದದ್ದನ್ನು ಎರಡು ಸಲ ಸಮಾಕಲಿಸಿ ಅಂಕ ಪಡೆಯುತ್ತಾರೆ. ಐವತ್ತು ಮಿಲಿಮೀಟರ್ ಕೊಳವೆಯಲ್ಲಿ ನೂರು ಮೀಟರ್ ನೀರು ಹರಿಸಿದರೆ ಒತ್ತಡ ಎಷ್ಟು ಕುಸಿಯಬಹುದು ಎಂದು ಕೇಳಿ, ಅಂದಾಜು ಕೂಡ ಬರುವುದಿಲ್ಲ.

ಅಧ್ಯಾಪಕಿ: ಅಂದಾಜು ಬರಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ನೀವು ಹೇಳಿದ ಮೂರು ಸಂಗತಿಗಳಲ್ಲಿ ಎರಡನೆಯದನ್ನು ಎತ್ತಿಕೊಳ್ಳಿ. ಬರ್ನೌಲಿ ಸಮೀಕರಣ ವಿದ್ಯಾರ್ಥಿಗೆ ಶಾಲೆಯಿಂದಲೇ ಗೊತ್ತು: ವೇಗ ಹೆಚ್ಚಿದಲ್ಲಿ ಒತ್ತಡ ಕಡಿಮೆ. ಈಗ ಒಂದೇ ವ್ಯಾಸದ, ಮಟ್ಟವಾಗಿ ಮಲಗಿದ ಒಂದು ಉದ್ದನೆಯ ಕೊಳವೆ ಕೊಡಿ. ವ್ಯಾಸ ಬದಲಾಗಿಲ್ಲ, ಆದ್ದರಿಂದ ವೇಗ ಬದಲಾಗಿಲ್ಲ, ಎತ್ತರವೂ ಅದೇ. ಹಾಗಾದರೆ ಎರಡು ತುದಿಗಳಲ್ಲೂ ಒತ್ತಡ ಒಂದೇ, ಪಂಪು ಬೇಕಿಲ್ಲ ಎಂದು ಅವರು ಬರೆದರೆ ತರ್ಕದಲ್ಲಿ ತಪ್ಪೇನಿದೆ? ತಪ್ಪು ತರ್ಕದ ಕೆಳಗಿರುವ ಊಹೆಯಲ್ಲಿದೆ, ಅಂದರೆ ಘರ್ಷಣೆಯಿಲ್ಲದ ದ್ರವದಲ್ಲಿದೆ. ನೀವು ಹೇಳುವ 'ನಷ್ಟವನ್ನು ಸೇರಿಸಿದ' ಎಂಬ ಎರಡು ಪದಗಳಲ್ಲಿ ಇಡೀ ವಿಷಯ ಅಡಗಿದೆ, ಅದನ್ನೇ ನೀವು ನಕ್ಷೆಗೆ ಬಿಟ್ಟುಬಿಡುತ್ತೀರಿ. ನಾನು ಅಲ್ಲಿ ಒಂದು ಕೆಲಸ ಮಾಡಿಸುತ್ತೇನೆ. ಕೊಳವೆಯೊಳಗಿನ ದ್ರವದಿಂದ ಒಂದು ಉರುಳೆಯನ್ನು ಮನಸ್ಸಿನಲ್ಲೇ ಬೇರ್ಪಡಿಸಿ ನೋಡಿ ಎನ್ನುತ್ತೇನೆ. ಅದು ವೇಗ ಬದಲಿಸದೆ ಸಾಗುತ್ತಿದೆ, ಆದ್ದರಿಂದ ಅದರ ಮೇಲಿನ ಬಲಗಳ ಮೊತ್ತ ಸೊನ್ನೆ. ಹಿಂದಿನಿಂದ ತಳ್ಳುವ ಒತ್ತಡ ಮುಂದಿನ ಒತ್ತಡಕ್ಕಿಂತ ಹೆಚ್ಚು. ಆ ವ್ಯತ್ಯಾಸವನ್ನು ಸರಿದೂಗಿಸುವುದು ಉರುಳೆಯ ಮೈಯನ್ನು ಸುತ್ತಲಿನ ದ್ರವ ಹಿಡಿದೆಳೆಯುವ ಶಿಯರ್ ಬಲ. ಇಷ್ಟರಿಂದಲೇ ಶಿಯರ್ ಒತ್ತಡ ನಡುವಿನಲ್ಲಿ ಸೊನ್ನೆ, ಗೋಡೆಯಲ್ಲಿ ಗರಿಷ್ಠ, ನಡುವೆ ಸರಳರೇಖೆಯಲ್ಲಿ ಏರುತ್ತದೆ ಎಂದು ಬರುತ್ತದೆ. ಇದಕ್ಕೆ ಯಾವ ಬಹುಮಾನದ ಸಮೀಕರಣವೂ ಬೇಕಿಲ್ಲ. ಜೇನುತುಪ್ಪವಿರಲಿ, ಪೆಟ್ರೋಲಿರಲಿ, ಹರಿವು ಶಾಂತವಿರಲಿ, ಕದಡಿರಲಿ, ಈ ಮಾತು ಸುಳ್ಳಾಗುವುದಿಲ್ಲ. ಇಂಥ ಒಂದು ಗಟ್ಟಿ ನೆಲ ಕಾಲಡಿ ಇದ್ದ ಮೇಲೆ ನಕ್ಷೆ ಬರಲಿ.

ಎಂಜಿನಿಯರ್: ಆ ಉರುಳೆಯನ್ನು ನಾನೂ ಒಪ್ಪುತ್ತೇನೆ, ಸಮತಟ್ಟು ಕೊಳವೆಯ ಪ್ರಶ್ನೆಗೆ ನನ್ನ ನಕ್ಷೆಯಲ್ಲಿ ಕಾರಣ ಸಿಗುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ ಇತಿಹಾಸ ನಿಮ್ಮ ಕ್ರಮದಲ್ಲಿ ನಡೆದಿಲ್ಲ. ಶಾಂತವಾಗಿ ಹರಿಯುವ ದ್ರವದ ಪ್ರಮಾಣ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣ ಎಂಬ ನಿಯಮವನ್ನು ಹ್ಯಾಗನ್ 1839ರಲ್ಲಿ, ಅದಾದ ಕೂಡಲೇ ಪೊಯ್ಸಲ್ ಪ್ರಯೋಗದಿಂದ ಕಂಡುಕೊಂಡರು. ಪೊಯ್ಸಲ್ ವೈದ್ಯಕೀಯ ಓದಿದವರು. ರಕ್ತ ಸೂಕ್ಷ್ಮನಾಳಗಳಲ್ಲಿ ಹೇಗೆ ಹರಿಯುತ್ತದೆಂದು ತಿಳಿಯಲು ಕೂದಲಿನಂಥ ಗಾಜಿನ ನಳಿಕೆಗಳಲ್ಲಿ ನೀರು ಹರಿಸಿ ಅಳೆದರು. ಗಣಿತದ ವ್ಯುತ್ಪತ್ತಿ ಆಮೇಲೆ ಬಂತು. ಇನ್ನೂ ಮುಖ್ಯವಾದದ್ದು ಸ್ಟೋಕ್ಸ್ ಅವರದೇ ಪ್ರಕರಣ. 1845ರಲ್ಲಿ ಅವರ ಕೈಯಲ್ಲಿ ಪೂರ್ಣ ಸಮೀಕರಣವಿತ್ತು. ದುಂಡು ಕೊಳವೆಯ ಹರಿವನ್ನು ಅದರಿಂದ ಲೆಕ್ಕ ಹಾಕಿ, ಬೊಸ್ಯು ಮತ್ತು ಡ್ಯುಬ್ವಾ ಅಳೆದ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರು. ಎರಡೂ ಹೊಂದಲೇ ಇಲ್ಲ. ಸಮೀಕರಣ ಸರಿಯಾಗಿತ್ತು, ಅಳತೆಯೂ ಸರಿಯಾಗಿತ್ತು. ಅಳತೆಗಳು ದೊಡ್ಡ ಕೊಳವೆಗಳ ಕದಡಿದ ಹರಿವಿನವು, ಅವರ ಲೆಕ್ಕ ಶಾಂತ ಹರಿವಿನದು. ಅದನ್ನು ಹೇಳುವ ವಿದ್ಯೆ ಆಗ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು 1883ರಲ್ಲಿ, ಮ್ಯಾಂಚೆಸ್ಟರ್‌ನಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ಬಾಯಿಗೆ ಬಣ್ಣದ ಎಳೆ ಬಿಟ್ಟು ಅದು ಎಲ್ಲಿ ಚದುರುತ್ತದೆಂದು ಕಣ್ಣಾರೆ ನೋಡಿದಾಗ. ಸ್ಟೋಕ್ಸ್ ಅವರಂಥವರಿಗೇ ಸಮೀಕರಣ ಒಂದರಿಂದಲೇ ದಾರಿ ಕಾಣಲಿಲ್ಲವೆಂದರೆ ನಮ್ಮ ಮಕ್ಕಳಿಗೆ ಕಾಣುವುದು ಹೇಗೆ?

ಅಧ್ಯಾಪಕಿ: ಈಗ ರೆನಾಲ್ಡ್ಸ್ ಸಂಖ್ಯೆ ಎಂದು ಕರೆಯುವುದನ್ನು ಅವರು ಬಣ್ಣದ ಎಳೆಯಲ್ಲಿ ಹುಡುಕಿ ತೆಗೆಯಲಿಲ್ಲ. ಚಲನೆಯ ಸಮೀಕರಣದಲ್ಲಿ ಎರಡು ಬಗೆಯ ಪದಗಳಿವೆ, ಒಂದು ದ್ರವದ ಜಡತ್ವದ್ದು, ಇನ್ನೊಂದು ಸ್ನಿಗ್ಧತೆಯದ್ದು. ಅವೆರಡರ ಅನುಪಾತ ವೇಗ, ವ್ಯಾಸ, ಸಾಂದ್ರತೆಗಳ ಗುಣಲಬ್ಧವನ್ನು ಸ್ನಿಗ್ಧತೆಯಿಂದ ಭಾಗಿಸಿದಾಗ ಸಿಗುತ್ತದೆ ಎಂದು ಅವರು ಅದೇ ಪ್ರಬಂಧದಲ್ಲಿ ವಾದಿಸುತ್ತಾರೆ. ಏನನ್ನು ಬದಲಿಸಿ ನೋಡಬೇಕು ಎಂಬುದು ಸಮೀಕರಣದಿಂದ ಬಂತು, ಯಾವ ಬೆಲೆಯಲ್ಲಿ ಬದಲಾಗುತ್ತದೆ ಎಂಬುದು ಗಾಜಿನಿಂದ ಬಂತು. ಇಪ್ಪತ್ತೈದು ಮಿಲಿಮೀಟರ್ ಕೊಳವೆಯಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಸಾಗುವ ನೀರಿಗೆ ಈ ಸಂಖ್ಯೆ ಸುಮಾರು 25,000. ಅದೇ ಕೊಳವೆಯಲ್ಲಿ ನೀರಿಗಿಂತ ಹತ್ತು ಸಾವಿರ ಪಟ್ಟು ಸ್ನಿಗ್ಧವಾದ ಜೇನು ಅದರ ಹತ್ತನೇ ಒಂದರಷ್ಟು ವೇಗದಲ್ಲಿ ಸಾಗಿದರೆ ಸಂಖ್ಯೆ ಒಂದನ್ನೂ ಮುಟ್ಟುವುದಿಲ್ಲ. ಕಾರ್ಖಾನೆಯ ನೀರಿನ ಕೊಳವೆಗಳೆಲ್ಲ ಹೆಚ್ಚುಕಡಿಮೆ ಕದಡಿದ ಹರಿವಿನವೇ ಏಕೆ ಎಂದು ಇದರಿಂದ ತಿಳಿಯುತ್ತದೆ.

ಆದರೆ ನಿಮ್ಮ ಕಡೆಯ ಪಾಠದಲ್ಲಿ ಈ ಸಂಖ್ಯೆಗೆ ಆಗುವ ಗತಿ ನೋಡಿ. 2100 ಎಂಬುದೊಂದು ಗಡಿರೇಖೆ, ಈಚೆ ಶಾಂತ, ಆಚೆ ಪ್ರಕ್ಷುಬ್ಧ ಎಂದು ಬಾಯಿಪಾಠ. ರೆನಾಲ್ಡ್ಸ್ ಅವರೇ ನೀರನ್ನು ಅಲುಗಿಸದೆ ಎಚ್ಚರದಿಂದ ಬಿಟ್ಟಾಗ 12,000ದ ಆಸುಪಾಸಿನವರೆಗೆ ಎಳೆ ಚದುರದೆ ಉಳಿದಿತ್ತು; ನಂತರದವರು ಇನ್ನೂ ಎಷ್ಟೋ ಮೇಲಕ್ಕೆ ಒಯ್ದರು. ನೇರ ಕೊಳವೆಯ ಶಾಂತ ಹರಿವಿನಲ್ಲಿ ಯಾವ ಕಣವೂ ವೇಗ ಬದಲಿಸುವುದಿಲ್ಲ, ಅಂದರೆ ಅಲ್ಲಿ ಜಡತ್ವದ ಪದ ನಿಜಕ್ಕೂ ಸೊನ್ನೆ. ಹಾಗಿದ್ದ ಮೇಲೆ 'ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ' 2000 ಎಂದರೆ ಅರ್ಥವೇನು? ಹರಿವಿನಲ್ಲಿ ಒಂದು ಅಲುಗಾಟ ಎದ್ದರೆ ಸ್ನಿಗ್ಧತೆ ಅದನ್ನು ಅಡಗಿಸುತ್ತದೆಯೋ, ಅದು ಬೆಳೆದು ಹರಡುತ್ತದೆಯೋ ಎಂಬುದರ ಸೂಚನೆ ಅದು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಅಳೆಯಿತು: ಕೊಳವೆಯಲ್ಲಿ ಎದ್ದ ಪ್ರಕ್ಷುಬ್ಧ ತುಣುಕುಗಳು ಸಾಯುವುದಕ್ಕಿಂತ ಬೇಗ ಸೀಳಿ ಹರಡತೊಡಗುವುದು ಸುಮಾರು 2040ರಲ್ಲಿ ಎಂದು. ಗಡಿ ಎಂಬುದು ಗೆರೆಯಲ್ಲ, ಒಂದು ಪಟ್ಟಿ. ಆ ಪಟ್ಟಿಯೊಳಗೆ ಹರಿವು ಒಮ್ಮೆ ಶಾಂತ, ಒಮ್ಮೆ ಪ್ರಕ್ಷುಬ್ಧ. ಗೋಡೆಗಂಟಿದ ಪದರದಲ್ಲಿ ಇಂಥದೇ ಬಿಟ್ಟುಬಿಟ್ಟು ಬರುವ ಸ್ಥಿತ್ಯಂತರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಮತ್ತು ರೊದ್ದಂ ನರಸಿಂಹ ಅಳೆದು 1958ರಲ್ಲೇ ಪ್ರಕಟಿಸಿದ್ದರು. ಕನ್ನಡ ನಾಡಿನ ವಿದ್ಯಾರ್ಥಿ 2100 ಎಂಬ ಅಂಕಿಯನ್ನು ಮಾತ್ರ ಹೊತ್ತು ಹೊರಬಂದರೆ ನನಗೆ ನಿಜವಾಗಿ ನೋವಾಗುತ್ತದೆ.

ಎಂಜಿನಿಯರ್: ನೋವು ನ್ಯಾಯವಾದದ್ದೇ. ಆದರೆ ಆ ಪಟ್ಟಿಯಿಂದ ಮೇಲೆ ಹತ್ತಿ, ನಮ್ಮ ಕೆಲಸವಿರುವುದು ಅಲ್ಲಿ. ಅಲ್ಲಿ ನಿಮ್ಮ ಸಮೀಕರಣ ಕಾಗದದ ಮೇಲೆ ಯಾವ ಉತ್ತರವನ್ನೂ ಕೊಡುವುದಿಲ್ಲ. ಶಾಂತ ಹರಿವಿನಲ್ಲಿ ಪ್ರಮಾಣ ಇಮ್ಮಡಿಯಾದರೆ ಒತ್ತಡದ ಕುಸಿತವೂ ಇಮ್ಮಡಿ. ಕದಡಿದ ಹರಿವಿನಲ್ಲಿ ಮೂರೂವರೆಯಿಂದ ನಾಲ್ಕು ಪಟ್ಟು. ವ್ಯಾಸವನ್ನು ಅರ್ಧ ಮಾಡಿ ಅಷ್ಟೇ ಪ್ರಮಾಣ ಹರಿಸಿದರೆ ಶಾಂತ ಹರಿವಿನಲ್ಲಿ ಹದಿನಾರು ಪಟ್ಟು ಒತ್ತಡ ಬೇಕು, ಒರಟು ಕೊಳವೆಯ ಪ್ರಕ್ಷುಬ್ಧ ಹರಿವಿನಲ್ಲಿ ಮೂವತ್ತೆರಡು ಪಟ್ಟಿನ ಹತ್ತಿರ. ಕೊಳವೆಯಲ್ಲಿ ಉಳಿಸಿದ ದುಡ್ಡನ್ನು ವರ್ಷವರ್ಷವೂ ವಿದ್ಯುತ್ ಬಿಲ್ಲಿನಲ್ಲಿ ಕಟ್ಟಬೇಕಾದೀತು ಎಂಬ ತಿಳಿವಳಿಕೆ ಈ ಅಂಕಿಗಳಿಂದಲೇ ಬರುತ್ತದೆ. ನಿಕುರಾಡ್ಸೆ ಕೊಳವೆಗಳ ಒಳಮೈಗೆ ಮರಳಿನ ಕಾಳು ಅಂಟಿಸಿ ಘರ್ಷಣೆಯ ನಷ್ಟವನ್ನು ಅಳೆದು 1933ರಲ್ಲಿ ಪ್ರಕಟಿಸಿದರು, ಕೋಲ್‌ಬ್ರೂಕ್ 1939ರಲ್ಲಿ ಮಾರುಕಟ್ಟೆಯ ಕೊಳವೆಗಳಿಗೆ ಒಪ್ಪುವ ಸೂತ್ರ ಕೊಟ್ಟರು, ಮೂಡಿ 1944ರಲ್ಲಿ ಅದನ್ನು ನಕ್ಷೆಯಾಗಿ ಬಿಡಿಸಿದರು. ಕುದುರೆಮುಖದಿಂದ ಮಂಗಳೂರಿಗೆ ಕಬ್ಬಿಣದ ಅದಿರಿನ ಪುಡಿಯನ್ನು ನೀರಿನಲ್ಲಿ ಬೆರೆಸಿ ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಕಳಿಸುತ್ತಿದ್ದರಲ್ಲ, ಅಂಥ ಕಡೆ ಮೊದಲ ಪ್ರಶ್ನೆಯೇ ವೇಗದ್ದು. ಒಂದು ಮಿತಿಗಿಂತ ನಿಧಾನವಾದರೆ ಕಾಳು ತಳಕ್ಕೆ ಕೂತು ಕೊಳವೆ ಕಟ್ಟಿಕೊಳ್ಳುತ್ತದೆ, ಅತಿಯಾದರೆ ಕೊಳವೆಯ ಒಳಮೈ ಸವೆದುಹೋಗುತ್ತದೆ. ಆ ಮಿತಿಯನ್ನು ಯಾರೂ ಮೂಲಸೂತ್ರದಿಂದ ಇಳಿಸಿ ತರುವುದಿಲ್ಲ. ಪರೀಕ್ಷೆಯ ಕೊಳವೆಯಲ್ಲಿ ಹರಿಸಿ ನೋಡಿದ ಅನುಭವದಿಂದ ತರುತ್ತಾರೆ.

ಅಧ್ಯಾಪಕಿ: ನಕ್ಷೆಯನ್ನು ಹೊಗಳುವಾಗ ಅದು ಒಡ್ಡುವ ಬಲೆಯನ್ನೂ ಹೇಳಬೇಕು. ನಕ್ಷೆಯಿಂದ ಓದುವ ಘರ್ಷಣಾಂಕ ಎರಡು ಬಗೆಯದಿದೆ, ಡಾರ್ಸಿಯದು ಮತ್ತು ಫ್ಯಾನಿಂಗ್‌ನದು. ಒಂದು ಇನ್ನೊಂದರ ನಾಲ್ಕರಷ್ಟು. ಕೆಮಿಕಲ್‌ನವರ ಪುಸ್ತಕಗಳಲ್ಲಿ ಹೆಚ್ಚಾಗಿ ಫ್ಯಾನಿಂಗ್, ಸಿವಿಲ್ ಮತ್ತು ಮೆಕ್ಯಾನಿಕಲ್‌ನವರಲ್ಲಿ ಡಾರ್ಸಿ. ಒಂದರ ನಕ್ಷೆಯಿಂದ ಅಂಕ ಓದಿ ಇನ್ನೊಂದರ ಸೂತ್ರಕ್ಕೆ ಹಾಕಿದರೆ ಪಂಪು ನಾಲ್ಕು ಪಟ್ಟು ತಪ್ಪುತ್ತದೆ, ಲೆಕ್ಕದಲ್ಲಿ ಎಲ್ಲೂ ಎಚ್ಚರಿಕೆ ಮೊಳಗುವುದಿಲ್ಲ. ಶಾಂತ ಹರಿವಿನಲ್ಲಿ ಒಂದು 64, ಇನ್ನೊಂದು 16, ರೆನಾಲ್ಡ್ಸ್ ಸಂಖ್ಯೆಯಿಂದ ಭಾಗಿಸಿದ್ದು ಎಂದು ಉರುಳೆಯ ಬಲಲೆಕ್ಕದಿಂದ ತಾನೇ ಇಳಿಸಿ ತಂದವರಿಗೆ ಯಾವ ನಕ್ಷೆ ಯಾವುದೆಂದು ಒಂದೇ ಬಿಂದುವಿನಲ್ಲಿ ಪರೀಕ್ಷಿಸಿ ನೋಡಲು ಬರುತ್ತದೆ. ಇನ್ನೊಂದು: ಮೂಡಿ ನಕ್ಷೆ ನೀರು, ಎಣ್ಣೆ, ಗಾಳಿಯಂಥವುಗಳಿಗೆ, ಎಷ್ಟು ವೇಗದಲ್ಲಿ ಕದಲಿಸಿದರೂ ಸ್ನಿಗ್ಧತೆ ಬದಲಾಗದವುಗಳಿಗೆ. ಸಕ್ಕರೆ ಕಾರ್ಖಾನೆಯಲ್ಲಿ ಹರಳು ತುಂಬಿದ ಗಟ್ಟಿ ಪಾಕ, ಕರಗಿದ ಪ್ಲಾಸ್ಟಿಕ್, ಬಣ್ಣ, ಟೊಮೆಟೊ ಸಾಸ್ ಇವು ಯಾವುವೂ ಆ ಜಾತಿಯವಲ್ಲ. ಇವುಗಳ ಮುಂದೆ ನಕ್ಷೆ ಹಿಡಿದವರು ಬರಿಗೈ. ಉರುಳೆ ಹಿಡಿದವರು ಅದೇ ಸರಳರೇಖೆಯಿಂದ ಮತ್ತೆ ಹೊರಟು, ನ್ಯೂಟನ್ನನ ಸ್ನಿಗ್ಧತಾ ನಿಯಮದ ಜಾಗದಲ್ಲಿ ಆ ವಸ್ತುವಿನ ನಿಯಮವನ್ನು ಇಟ್ಟು, ಹೊಸ ಉತ್ತರ ತರುತ್ತಾರೆ. ಹರಿವಿನ ಲೆಕ್ಕದಲ್ಲಿ ಯಾವುದು ಎಲ್ಲೆಡೆ ನಿಜವಾದ ಸಮತೋಲನ, ಯಾವುದು ಆ ವಸ್ತುವಿನ ಗುಣ, ಯಾವುದು ಆ ಕೊಳವೆಗೆ ಆ ವೇಗದಲ್ಲಿ ಅಳೆದ ಅಂಕಿ, ಈ ಮೂರನ್ನು ಬೇರೆಬೇರೆಯಾಗಿ ಗುರುತಿಸಲು ಬರಬೇಕು. ನಿಮ್ಮ ಕೈಪಿಡಿ ಮೂರನ್ನೂ ಒಂದೇ ಸೂತ್ರದಲ್ಲಿ ಬೆಸೆದು ಕೊಡುತ್ತದೆ, ಎಲ್ಲಿ ಬೆಸುಗೆಯಿದೆಯೆಂದು ಹೇಳುವುದಿಲ್ಲ.

ಅಧ್ಯಾಪಕಿ ಹೇಳಿದ ಈ ಮೂರರ ವಿಂಗಡಣೆ ಇಡೀ ಚರ್ಚೆಯ ತಿರುಳೆಂದು ನನಗೆ ತೋರುತ್ತದೆ. ಎರಡನೇ ವರ್ಷದ ಪಠ್ಯಗಳಲ್ಲಿ ಇದು ಸಿಗಬೇಕಾದಷ್ಟು ಸಿಗುವುದಿಲ್ಲ. ಆದರೆ ಇದನ್ನು ಒಪ್ಪಿದ ಕೂಡಲೇ ಅಧ್ಯಾಪಕಿಯ ಪಕ್ಷ ಗೆದ್ದಂತಾಗುವುದಿಲ್ಲ. ಏಕೆಂದರೆ ವಿಂಗಡಿಸುತ್ತ ಹೋದರೆ, ಸಿದ್ಧಾಂತದ ಪಾಲಿಗೆ ಬರುವುದು ಅವರು ಎಣಿಸಿದ್ದಕ್ಕಿಂತ ಕಡಿಮೆ. ಎಂಜಿನಿಯರ್ ಅದನ್ನೇ ಹಿಡಿದರು.

ಎಂಜಿನಿಯರ್: ವಿಂಗಡಣೆ ಮಾಡೋಣ, ನಿಮ್ಮ ಅಡಿಪಾಯದಿಂದಲೇ ಶುರು ಮಾಡೋಣ. ಗೋಡೆಗೆ ತಾಗಿದ ದ್ರವ ಗೋಡೆಯಂತೆಯೇ ನಿಶ್ಚಲ ಎಂದು ನೀವು ಬೋರ್ಡಿನ ಮೇಲೆ ಬರೆಯುತ್ತೀರಿ. ಆ ಮಾತಿಲ್ಲದೆ ಶಾಂತ ಹರಿವಿನ ವೇಗಕ್ಕೆ ನಿಮ್ಮ ಪ್ಯಾರಾಬೋಲಾ ಆಕಾರ ಬರುವುದಿಲ್ಲ, ನಾಲ್ಕನೇ ಘಾತವೂ ಬರುವುದಿಲ್ಲ. ಅದು ಯಾವ ಸಮೀಕರಣದಿಂದ ಬಂತು? ಯಾವುದರಿಂದಲೂ ಅಲ್ಲ. ನೇವಿಯರ್ ಗೋಡೆಯ ಮೇಲೆ ದ್ರವ ಜಾರಬಹುದೆಂದು ಬರೆದಿದ್ದರು, ಸ್ಟೋಕ್ಸ್ ಮೊದಮೊದಲು ಹಿಂದೆಮುಂದೆ ನೋಡಿದರು. ಪ್ರಯೋಗಗಳು ಒಪ್ಪಿಸಿದ್ದರಿಂದ ನಿಂತ ಮಾತು ಅದು. ಇನ್ನು ಕಂಪ್ಯೂಟರಿಗೆ ಬನ್ನಿ, ಈಗಿನ ಮಕ್ಕಳು ಅದನ್ನೇ ನಂಬುತ್ತಾರೆ. ಬಣ್ಣಬಣ್ಣದ ಚಿತ್ರ ಬಂದರೆ ಸಮೀಕರಣವೇ ಬಗೆಹರಿಯಿತೆಂದು ತಿಳಿಯುತ್ತಾರೆ. ಕಾರ್ಖಾನೆಯ ಹರಿವಿಗೆ ಹೆಚ್ಚಾಗಿ ಬಳಸುವ ಕೆ–ಎಪ್ಸಿಲಾನ್ ಎಂಬ ಪ್ರಕ್ಷುಬ್ಧತೆಯ ಮಾದರಿಯ ಒಳಗೆ 0.09 ಎಂಬ ಸ್ಥಿರಾಂಕವೊಂದಿದೆ, ಅದರ ಜೊತೆ ಇನ್ನೂ ನಾಲ್ಕು. ಅವು ಅಳತೆಗಳಿಗೆ ಹೊಂದಿಸಿ ಇಟ್ಟ ಅಂಕಿಗಳು. ನಿಮ್ಮ ಸಾಫ್ಟ್‌ವೇರಿನ ಹೊಟ್ಟೆಯಲ್ಲೂ ನನ್ನ ಪ್ರಯೋಗಶಾಲೆಯೇ ಕೂತಿದೆ.

ಅಧ್ಯಾಪಕಿ: ಗೋಡೆಯ ವಿಷಯದಲ್ಲಿ ನೀವು ಹೇಳುವುದು ಸರಿ. ಅದನ್ನು ಪ್ರಯೋಗದಿಂದ ಬಂದ ಮಾತೆಂದೇ ಹೇಳಿ ಕಲಿಸಬೇಕು, ಸ್ವತಃಸಿದ್ಧವೆಂಬಂತೆ ಬರೆಯಬಾರದು. ಆದರೆ ಅಳತೆಯ ಅಂಕಿ ಮತ್ತು ಅಂಕಿ ಕೂರುವ ಜಾಗ ಎರಡೂ ಒಂದೇ ಅಲ್ಲ. ಕಾಳು ತುಂಬಿದ ಹಾಸಿಗೆಯ ಮೂಲಕ ಅನಿಲವೋ ದ್ರವವೋ ಹರಿಯುವುದಕ್ಕೆ ನೀವೇ ದಿನಾ ಬಳಸುವ ಎರ್ಗುನ್ ಸಮೀಕರಣ ನೋಡಿ, 1952ರದ್ದು. ಅದರಲ್ಲಿ ಎರಡು ಪದ. ಒಂದು ವೇಗಕ್ಕೆ ಅನುಗುಣ, ಸ್ನಿಗ್ಧತೆಯದ್ದು. ಇನ್ನೊಂದು ವೇಗದ ವರ್ಗಕ್ಕೆ ಅನುಗುಣ, ಜಡತ್ವದ್ದು. 150 ಮತ್ತು 1.75 ಎಂಬ ಗುಣಕಗಳು ಅಳತೆಯಿಂದ ಬಂದವು. ಎರಡೇ ಪದ ಏಕೆ, ಕಾಳಿನ ವ್ಯಾಸ ಒಂದರಲ್ಲಿ ವರ್ಗವಾಗಿ, ಇನ್ನೊಂದರಲ್ಲಿ ಹಾಗೆಯೇ ಏಕೆ ಕೂತಿದೆ ಎಂಬುದು ಅಳತೆಯಿಂದ ಬಂದದ್ದಲ್ಲ. ಡಾರ್ಸಿ 1856ರಲ್ಲಿ ಮರಳಿನ ಮೂಲಕ ನೀರು ಹರಿಸಿ ಕಂಡ ಸರಳ ಅನುಪಾತ ಈ ಮೊದಲ ಪದದ ನೆಲೆ. ಅದು ಯಾವಾಗ ಸಾಲದಾಗುತ್ತದೆಂದು ಹೇಳುವುದು ಎರಡನೆಯ ಪದ. ಜಾಗ ಗೊತ್ತಿದ್ದವರು ಹೊಸ ಕಾಳಿಗೆ ಹೊಸ ಗುಣಕವನ್ನು ನಾಲ್ಕಾರು ಪ್ರಯೋಗಗಳಲ್ಲಿ ಅಳೆದುಕೊಳ್ಳುತ್ತಾರೆ. ಗೊತ್ತಿಲ್ಲದವರು ನಾನೂರು ಮಾಡಿದರೂ ಅಂಕಿಗಳ ರಾಶಿಯೇ ಉಳಿಯುತ್ತದೆ.

ಎಂಜಿನಿಯರ್: ಎರ್ಗುನ್ ವಿಷಯದಲ್ಲಿ ನಿಮ್ಮೊಡನೆ ಜಗಳವಿಲ್ಲ. ಹಾಗಾದರೆ ಅದೇ ಮಾದರಿಯಲ್ಲಿ ಕಲಿಸಿ. ಒಂದು ನಿಜವಾದ ಯಂತ್ರ ಮುಂದಿಡಿ, ಅದರಲ್ಲಿ ಏನು ಕೆಡಬಹುದೆಂದು ಕೇಳಿ, ಉತ್ತರಕ್ಕೆ ಬೇಕಾದಷ್ಟು ಸಿದ್ಧಾಂತ ತನ್ನಿ. ಪಂಪಿನ ಹೀರುವ ಬಾಯಿಯನ್ನು ತೆಗೆದುಕೊಳ್ಳಿ. ಒಳಬರುವಾಗ ಒತ್ತಡ ದ್ರವದ ಆವಿ ಒತ್ತಡಕ್ಕಿಂತ ಕೆಳಗಿಳಿದರೆ ಗುಳ್ಳೆಗಳೇಳುತ್ತವೆ, ಮುಂದೆ ಒತ್ತಡ ಏರಿದಲ್ಲಿ ಅವು ಕುಸಿದು ಲೋಹವನ್ನು ಕಿತ್ತು ತಿನ್ನುತ್ತವೆ. ಕ್ಯಾವಿಟೇಶನ್ ಎಂದರೆ ಇದೇ. ತೆರೆದ ಟ್ಯಾಂಕಿನ ನೀರು 20 ಡಿಗ್ರಿಯಲ್ಲಿದ್ದರೆ, ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡಕ್ಕೂ ಆವಿ ಒತ್ತಡಕ್ಕೂ ಇರುವ ಅಂತರ ಸುಮಾರು ಹತ್ತು ಮೀಟರ್ ನೀರಿನಷ್ಟು. ಅದೇ ನೀರನ್ನು 90 ಡಿಗ್ರಿಗೆ ಕಾಯಿಸಿದರೆ ಅಂತರ ಮೂರೂಕಾಲು ಮೀಟರಿಗೆ ಇಳಿಯುತ್ತದೆ. ಮಂಗಳೂರಿನಲ್ಲಿ ಹೀಗೆ. ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲೆ. ಅಲ್ಲಿ ವಾತಾವರಣದ ಒತ್ತಡ ಶೇಕಡಾ ಹತ್ತರಷ್ಟು ಕಡಿಮೆ. ಅದೇ ಬಿಸಿನೀರಿಗೆ ಅಲ್ಲಿ ಉಳಿಯುವುದು ಸುಮಾರು ಎರಡೂಕಾಲು ಮೀಟರ್, ಅದರಲ್ಲೇ ಹೀರುಕೊಳವೆಯ ಘರ್ಷಣೆಯನ್ನೂ ಕಳೆಯಬೇಕು. ಕರಾವಳಿಯಲ್ಲಿ ಚೆನ್ನಾಗಿ ನಡೆದ ವಿನ್ಯಾಸವನ್ನು ಹಾಗೆಯೇ ಘಟ್ಟದ ಮೇಲೆ ತಂದರೆ ಪಂಪು ಹಾಳಾಗಬಹುದು. ಮೊದಲ ತಿಂಗಳಲ್ಲೇ ಈ ಲೆಕ್ಕ ಮಾಡಿದ ಹುಡುಗಿ ಒತ್ತಡ ಎಂದರೇನೆಂದು ಮತ್ತೆ ಮರೆಯುವುದಿಲ್ಲ.

ಅಧ್ಯಾಪಕಿ: ಇದನ್ನು ಮೊದಲ ತಿಂಗಳಿಗೆ ತರುವುದಕ್ಕೆ ನಾನು ಸಿದ್ಧ, ಇಲ್ಲಿ ನೀವು ನನ್ನ ಪಾಠವನ್ನು ಉತ್ತಮಗೊಳಿಸಿದಿರಿ. ಪರೀಕ್ಷೆಯಲ್ಲೂ ಇದೇ ಪ್ರಶ್ನೆ ಕೇಳೋಣ: ಊರು, ಉಷ್ಣತೆ, ಕೊಳವೆ ಕೊಟ್ಟು, ಸೂತ್ರ ಕೊಡದೆ. ಆದರೆ ಉತ್ತರದ ಮೊದಲ ಪುಟದಲ್ಲಿ ವಿದ್ಯಾರ್ಥಿ ಅಂಕಿಗಳನ್ನು ಮುಟ್ಟುವ ಮೊದಲು ಬರೆಯಬೇಕು: ಯಾವ ಎರಡು ಬಿಂದುಗಳ ನಡುವೆ ಶಕ್ತಿಯ ಲೆಕ್ಕ, ಯಾವ ಪದವನ್ನು ಬಿಟ್ಟಿದ್ದೇನೆ, ಅದು ಚಿಕ್ಕದೆಂದು ಹೇಗೆ ಗೊತ್ತು. ಪೂರ್ಣ ಸಮೀಕರಣವನ್ನು ಒಮ್ಮೆಯಾದರೂ ಬರೆದು ನೋಡದವರಿಗೆ ತಾವು ಏನನ್ನು ಬಿಟ್ಟೆವೆಂದೇ ತಿಳಿದಿರುವುದಿಲ್ಲ. ಅದಕ್ಕೇ ಅದು ಅದೇ ಸೆಮಿಸ್ಟರಿನಲ್ಲಿ ಬೋರ್ಡಿನ ಮೇಲೆ ಇರಬೇಕು, ಎರಡೇ ಉದಾಹರಣೆಗೆ ಬಗೆಹರಿಸಿದರೂ ಸಾಕು.

ಎಂಜಿನಿಯರ್: ಊಹೆಗಳನ್ನು ಬರೆಯಲಿ, ಆದರೆ ಕೊನೆಯ ಪುಟದಲ್ಲಿ. ಮೊದಲು ಒರಟಾದ ಒಂದು ಅಂಕಿ ತೆಗೆಯಲಿ; ಒಂದು ಪದ ಚಿಕ್ಕದೋ ದೊಡ್ಡದೋ ಎಂದು ತಿಳಿಯುವುದಕ್ಕೇ ಆ ಅಂಕಿ ಬೇಕಲ್ಲ? ಅಂಕಿಯಿಲ್ಲದೆ ಮೊದಲೇ ಬರೆಯಿರಿ ಎಂದರೆ ಪುಸ್ತಕದ ಸಾಲುಗಳನ್ನೇ ಬರೆಯುತ್ತಾರೆ: ಸ್ಥಿರ ಹರಿವು, ಏಕರೂಪ ಸಾಂದ್ರತೆ, ಮುಂತಾದವು. ಇನ್ನು ನಿಮ್ಮ ಪೂರ್ಣ ಸಮೀಕರಣ, ಪಂಪು, ಕವಾಟ, ಹರಿವಿನ ಮಾಪಕ ಮೂರನ್ನೂ ಕೈಯಾರೆ ಮುಟ್ಟಿದ ಮೇಲೆ, ಮುಂದಿನ ಸೆಮಿಸ್ಟರಿನಲ್ಲಿ ಬರಲಿ.

ಅಧ್ಯಾಪಕಿ: ಒರಟು ಅಂಕಿ ಮೊದಲು ಬರಲಿ, ಅಷ್ಟನ್ನು ಒಪ್ಪಿದೆ. ಮುಂದಿನ ಸೆಮಿಸ್ಟರ್ ಎಂಬುದನ್ನು ಒಪ್ಪಲಾರೆ. ಅಷ್ಟರಲ್ಲಿ ಅವರು ಶಾಖ ವರ್ಗಾವಣೆಯ ತರಗತಿಯಲ್ಲಿ ಕೂತಿರುತ್ತಾರೆ, ಅಲ್ಲಿ ಹರಿಯುವ ದ್ರವದ ಪ್ರತಿಯೊಂದು ಸೂತ್ರವೂ ಗೋಡೆಯ ಬಳಿ ವೇಗ ಹೇಗೆ ಬದಲಾಗುತ್ತದೆಂಬುದನ್ನು ಕೇಳುತ್ತದೆ.